ಸಾಲಕ್ಕಿಂತ ಮೊದಲು ಲೆಕ್ಕ



ದಾಂಡೇಲಿಯಲ್ಲಿ ಒಂದು ಕಾಲಕ್ಕೆ ಕಾಗದ ಕಾರ್ಖಾನೆಯ ನೌಕರಿಯೇ ಅನೇಕರ ಗುರಿಯಾಗಿತ್ತು. ಎಲ್ಲರಿಗೂ ಅಲ್ಲಿ ಕೆಲಸ ಸಿಗದು. ಆದರೆ ಕಾಳಿ ನದಿಗೆ ಬರುವ ಪ್ರವಾಸಿಗರಿಗೆ ಊಟ, ವಸತಿ, ವಾಹನ ಬೇಕು. ಜೋಯಿಡಾದ ಗೆಡ್ಡೆ-ಗೆಣಸು, ಹಳಿಯಾಳದ ಕಬ್ಬು, ಮುಂಡಗೋಡದ ಟಿಬೆಟನ್ ಕಾಲೊನಿಗೆ ಬರುವ ಜನ, ಇವೆಲ್ಲ ದುಡಿಮೆಯ ದಾರಿಗಳೇ.

ಮೊದಲು ಕೆಲಸ ಕಲಿಯಿರಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಉಚಿತ ತರಬೇತಿ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿಯೂ ಇದೆ.

ನಂತರ ಸಾಲ. 2008ರಲ್ಲಿ ಆರಂಭವಾದ ಪಿಎಂಇಜಿಪಿ ನಿಯಮದಂತೆ ಗ್ರಾಮೀಣ ಭಾಗದ ಅಲ್ಪಸಂಖ್ಯಾತರಿಗೆ ಸ್ವಂತ ಪಾಲು ಶೇ. 5, ಸಹಾಯಧನ ಶೇ. 35. ಅಂದರೆ 4 ಲಕ್ಷ ರೂಪಾಯಿಯ ಹೊಸ ಘಟಕಕ್ಕೆ ನಿಮ್ಮದು 20 ಸಾವಿರ, ಸಹಾಯಧನ 1 ಲಕ್ಷ 40 ಸಾವಿರ. ಆ ಹಣ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಸಹಾಯಧನದ ಆಸೆಗೆ ಬಾಗಿಲು ತೆರೆದು ಮುಚ್ಚಿದವರಿಗೆ ಉಳಿಯುವುದು ಸಾಲವೊಂದೇ. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮವನ್ನು ಬ್ಯಾಂಕಿನಲ್ಲೇ ಕೇಳಿರಿ.

ಈಗಾಗಲೇ ಅಂಗಡಿ ಇರುವವರಿಗೆ 2015ರಲ್ಲಿ ಬಂದ ಮುದ್ರಾ ಯೋಜನೆ ಇದೆ. ಅದರ ಶಿಶು ಸಾಲ 50 ಸಾವಿರದವರೆಗೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮಧ್ಯವರ್ತಿಗೆ ಹಣ ಕೊಡಬೇಡಿರಿ.

ವ್ಯಾಪಾರ ಮುಳುಗುವುದು ಬಹುಪಾಲು ಉದ್ರಿಯಿಂದ, ಮನೆಯ ಖರ್ಚನ್ನು ಗಲ್ಲೆಯಿಂದ ತೆಗೆಯುವುದರಿಂದ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಮನೆಯವರ ಅಂಗಡಿಯ ಒಂದು ತಿಂಗಳ ಜಮಾ-ಖರ್ಚು ಬರೆದು ನೋಡಿರಿ. ನಿಜವಾದ ಲಾಭವೆಷ್ಟೆಂದು ತಿಳಿದ ದಿನವೇ ನೀವು ಉದ್ಯಮದ ಮೊದಲ ಪಾಠ ಕಲಿತಿರುತ್ತೀರಿ.