ಮೂಕಿಯ ಮೇಲಿನ ಭಾರ

ಕಬ್ಬು ಅರೆಯುವ ಹಂಗಾಮು ಬಂದಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ದಾರಿಗಳಲ್ಲಿ ಹಗಲೂ ರಾತ್ರಿಯೂ ಒಂದೇ ಸದ್ದು. ಮುಂದೆ ಟ್ರ್ಯಾಕ್ಟರಿನ ಗುಡುಗುಡು, ಹಿಂದೆ ಟ್ರೈಲರಿನ ಕೊಂಡಿ ಕಟಕಟನೆ ಬಡಿದುಕೊಳ್ಳುವ ಶಬ್ದ. ಮನೆಯೊಳಗೆ ಮಲಗಿದವರಿಗೆ ಅದು ನಿದ್ದೆಗೇಡು. ನಮ್ಮ ಸಕ್ಕರೆ ಡಬ್ಬಿ ತುಂಬುವುದು ಆ ಸದ್ದಿನಿಂದಲೇ ಎಂಬುದು ಮಾತ್ರ ನೆನಪಿಗೆ ಬರುವುದು ಕಡಿಮೆ. ಆ ಕೊಂಡಿಯ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಪಂಡಿತನಿಗೆ ಟ್ರ್ಯಾಕ್ಟರಿನ ಗೊಡವೆ ಏಕೆಂದು ತಾವು ಕೇಳಬಹುದು. ಅದಕ್ಕೆ ಕಾರಣವುಂಟು.

ಹೋದ ಹಂಗಾಮಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಕೈಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ. ಮಳವಳ್ಳಿ ಕಡೆಯಿಂದ ಕಬ್ಬು ಹೊಡೆಯುವ ಹುಡುಗ. "ಟ್ರೈಲರ್ ಮಗುಚ್ಕೊಂತು ಮೇಷ್ಟ್ರೇ. ಇಳಿಜಾರಲ್ಲಿ ಬಾಲ ಅಲ್ಲಾಡ್ಸೋಕೆ ಸುರುಮಾಡ್ತು. ಬ್ರೇಕ್ ಒತ್ತಿದೆ, ಇನ್ನೂ ಜಾಸ್ತಿ ಆಯ್ತು" ಎಂದ. ಕಬ್ಬೆಲ್ಲ ರಸ್ತೆಯ ಪಕ್ಕದ ಹಳ್ಳಕ್ಕೆ. ಅದೇ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಮುಂಚೆ ನಮ್ಮ ಶಾಲೆಯ ಮೂವರು ಹೆಣ್ಣುಮಕ್ಕಳು ಸೈಕಲ್ಲಿನಲ್ಲಿ ಹೋಗಿದ್ದರು. ಅವರಲ್ಲಿ ಇಬ್ಬರು ನನ್ನ ತರಗತಿಯವರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

"ಹೇಗೆ ಹೇರಿದ್ದೆ?" ಎಂದು ಕೇಳಿದೆ. ಗದ್ದೆಯ ದಾರಿ ಇಕ್ಕಟ್ಟಾದ್ದರಿಂದ ಆಳುಗಳು ಹಿಂದಿನಿಂದಲೇ ತುಂಬಿದರಂತೆ. ಮುಂಭಾಗ ಅರೆ ಖಾಲಿ, ಹಿಂಭಾಗ ಕಿಕ್ಕಿರಿದು ಹೊರಕ್ಕೆ ಚಾಚಿತ್ತು. ನನಗೆ ಕೂಡಲೇ ನಮ್ಮ ತಂದೆಯವರು ನೆನಪಾದರು.

ಮಂಡ್ಯದ ಸಕ್ಕರೆ ಕಂಪೆನಿ ಹುಟ್ಟಿದ್ದು 1933ರಲ್ಲಿ. ಕನ್ನಂಬಾಡಿಯ ನೀರು ನಾಲೆಗೆ ಬಂದ ಮೇಲೆ ಬೆಳೆದ ಕಬ್ಬು ಬಹುಕಾಲ ಎತ್ತಿನ ಗಾಡಿಗಳಲ್ಲಿಯೇ ಅಲ್ಲಿಗೆ ಹೋಗುತ್ತಿತ್ತು. ನಮ್ಮ ತಂದೆ ಗಾಡಿ ಹೇರಿದ ಮೇಲೆ, ಎತ್ತು ಹೂಡುವ ಮೊದಲು, ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಹಗುರವಾಗಿ ಮೇಲಕ್ಕೆ ಬಂದರೆ ಭಾರ ಅಚ್ಚಿನ ಹಿಂದಿದೆ ಎಂದರ್ಥ. ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿನ ಉಸಿರು ಕಟ್ಟುತ್ತದೆ. ಎತ್ತಲಾರದಷ್ಟು ಭಾರವಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹದವಾಗಿ ಮುಂದಕ್ಕೆ ವಾಲಿರಬೇಕು. ಹದ ಬರುವ ತನಕ ನಾಲ್ಕು ಕಟ್ಟು ತೆಗೆದು ಮುಂದಕ್ಕೆ ಹಾಕುವರು, ಎರಡು ಕಟ್ಟು ಹಿಂದಕ್ಕೆ ಸರಿಸುವರು.

ಎತ್ತು ಹೋಗಿ ಎಂಜಿನ್ನು ಬಂದರೂ ಈ ಲೆಕ್ಕ ಬದಲಾಗಿಲ್ಲ. ಅಮೆರಿಕದಲ್ಲಿ ಜನ ಚಕ್ರದ ಮೇಲೆ ಮನೆಯನ್ನೇ ಕಟ್ಟಿ, ಟ್ರಕ್ಕಿನ ಹಿಂದೆ ಸಿಕ್ಕಿಸಿಕೊಂಡು ಪ್ರವಾಸ ಹೋಗುತ್ತಾರೆ. ಅವರ ನಿಯಮವೂ ಇದೇ: ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. ನಮ್ಮ ಎರಡು ಚಕ್ರದ ಟ್ರೈಲರು ಹೊರೆಸಹಿತ 5 ಟನ್ ತೂಗಿದರೆ ಕೊಂಡಿಗೆ ಸುಮಾರು 500 ಕಿಲೋ ಬರಬೇಕೆಂದಾಯಿತು. ಅದಕ್ಕಿಂತ ಬಹಳ ಕಡಿಮೆಯಾದರೆ, ಗಾಳಿಯೋ ಗುಂಡಿಯೋ ಟ್ರೈಲರಿನ ಹಿಂಭಾಗವನ್ನು ಒಮ್ಮೆ ಪಕ್ಕಕ್ಕೆ ತಳ್ಳಿದರೆ ಸಾಕು, ಅದು ಲೋಲಕದಂತೆ ಆಡತೊಡಗುತ್ತದೆ; ವೇಗವಿದ್ದರೆ ಪ್ರತಿ ಆಟವೂ ಹಿಂದಿನದಕ್ಕಿಂತ ದೊಡ್ಡದು. ಬಹಳ ಹೆಚ್ಚಾದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಹಗುರಾಗಿ, ಸ್ಟೀರಿಂಗ್ ತಿರುಗಿಸಿದರೂ ಬಂಡಿ ತಿರುಗದು. ಕೊಂಡಿಯನ್ನು ಇರಬೇಕಾದುದಕ್ಕಿಂತ ಎತ್ತರದಲ್ಲಿ ಸಿಕ್ಕಿಸಿದರೂ ಏರಿನಲ್ಲಿ ಇದೇ ಗತಿ, ಮೂತಿ ಮೇಲೇಳುತ್ತದೆ.

ಇಲ್ಲಿ ಪಂಡಿತನ ಚಪಲಕ್ಕೆ ಒಂದು ಮಾತು. ಕನ್ನಡದಲ್ಲಿ ತಕ್ಕಡಿಯಲ್ಲಿ ಇಡುವುದೂ ತೂಗುವುದು, ತೊಟ್ಟಿಲು ಆಡುವುದೂ ತೂಗುವುದು. ತೂಕ ನೋಡದೆ ಹೇರಿದ್ದು ದಾರಿಯಲ್ಲಿ ತೂಗುತ್ತದೆ. ಇರುಳೆಲ್ಲ ಕಾರ್ಖಾನೆಯ ಮುಂದೆ ಸಾಲಿನಲ್ಲಿ ಕಾದ ಡ್ರೈವರನ ತೂಕಡಿಕೆಯೂ ಅದೇ ಬೇರಿನದು. ಮೂರೂ ಒಂದಾದ ದಿನ ದೇವರೇ ಗತಿ.

ನಾಲ್ಕು ಚಕ್ರದ ಟ್ರೈಲರಿಗೆ ಈ ಕೊಂಡಿಭಾರದ ಲೆಕ್ಕ ಅಷ್ಟಾಗಿ ಇಲ್ಲ. ಅದರ ಹೊರೆಯನ್ನು ಅದೇ ಹೊರುತ್ತದೆ. ಆದರೆ ಒಂದರ ಹಿಂದೆ ಇನ್ನೊಂದು ಕಟ್ಟಿದಾಗ ಹಿಂದಿನದು ಏನು ಮಾಡುತ್ತಿದೆ ಎಂಬುದು ಮುಂದೆ ಕುಳಿತವನಿಗೆ ತಿಳಿಯುವುದೇ ಇಲ್ಲ. ಹೊರೆ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುವ ಬಂಡಿ 30ರಲ್ಲಿ ಹೋದರೆ, ಅದೇ ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು.

ಇನ್ನು ಬ್ರೇಕು. ನಮ್ಮ ಕಡೆಯ ಎಷ್ಟೋ ಟ್ರೈಲರುಗಳಿಗೆ ಬ್ರೇಕೇ ಇಲ್ಲ. ಟ್ರ್ಯಾಕ್ಟರು ನಿಲ್ಲಲು ನೋಡುತ್ತದೆ, ಹಿಂದಿನ ಹೊರೆ ನಿಲ್ಲದೆ ಅದನ್ನು ನೂಕುತ್ತದೆ, ಎರಡೂ ಮಡಚುವ ಚಾಕುವಿನಂತೆ ಮಡಚಿಕೊಳ್ಳುತ್ತವೆ. ನನ್ನ ಶಿಷ್ಯನಿಗೆ ಆದದ್ದು ಇದೇ. ಟ್ರೈಲರು ಆಡತೊಡಗಿದಾಗ ಬ್ರೇಕನ್ನು ಗಕ್ಕನೆ ಒತ್ತಬಾರದು, ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಿ ಸರಿಮಾಡಲೂ ಹೋಗಬಾರದು. ನೇರವಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿಯಗೊಡಬೇಕು. ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಬಿಡುವುದು ಶುದ್ಧ ಅವಿವೇಕ. ಟ್ರ್ಯಾಕ್ಟರಿಗೆ ಎಡಬಲದ ಹಿಂಚಕ್ರಗಳಿಗೆ ಬೇರೆ ಬೇರೆ ಪೆಡಲುಗಳುಂಟು, ಹೊಲದ ಮೂಲೆಯಲ್ಲಿ ತಿರುಗಲು ಅನುಕೂಲ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸುವ ಕೊಕ್ಕೆ ಹಾಕದಿದ್ದರೆ ಒಂದೇ ಚಕ್ರ ಹಿಡಿದು ಬಂಡಿ ಪಕ್ಕಕ್ಕೆ ಎಳೆಯುತ್ತದೆ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಸರಿಯಾದದ್ದೇ. ಆದರೆ ಪಕ್ಕದ ರಸ್ತೆಯಲ್ಲಿ ಅದರ ಜೊತೆಗಾರರು ಯಾರು? ಸೈಕಲ್ಲಿನವರು, ನಡೆದು ಹೋಗುವವರು, ಶಾಲೆಯ ಮಕ್ಕಳು.

ಮೊನ್ನೆ ಶಿಷ್ಯ ಮತ್ತೆ ಸಿಕ್ಕಿದ್ದ, ಕೈ ವಾಸಿಯಾಗಿದೆ. ಟ್ರೈಲರಿನ ಪಕ್ಕದ ಹಲಗೆಗೆ, ಅಚ್ಚಿನ ನೇರಕ್ಕೆ, ಸುಣ್ಣದಂಥ ಬಿಳಿ ಬಣ್ಣದ ಗೆರೆ ಎಳೆಸಿದ್ದಾನೆ. ಗೆರೆಯ ಮುಂದಿನ ಭಾಗ ತುಂಬಿದ ಮೇಲೆಯೇ ಹಿಂದಕ್ಕೆ ಕೈಹಾಕಬೇಕೆಂದು ಆಳುಗಳಿಗೆ ಕಟ್ಟಪ್ಪಣೆ. ಮೊದಲು ಅವರು ನಕ್ಕರಂತೆ. ಹಿಂದಕ್ಕೆ ಕೆಂಪು ರಿಫ್ಲೆಕ್ಟರ್ ಮಾತ್ರ ಇನ್ನೂ ಹಾಕಿಸಿಲ್ಲ. ಬರುವ ಭಾನುವಾರ ಮದ್ದೂರಿನಿಂದ ತರುತ್ತೇನೆಂದು ಮಾತು ಕೊಟ್ಟಿದ್ದಾನೆ. ಸೋಮವಾರ ಹೋಗಿ ನೋಡುವವನಿದ್ದೇನೆ.