ಕಡಿಮೆ ಹಣದಲ್ಲಿ ಕಂಪ್ಯೂಟರ್: ಯಾವ ಭಾಗಕ್ಕೆ ಎಷ್ಟು ಮಹತ್ವ?

(ಸಂಘದ ವಾರ್ಷಿಕೋತ್ಸವದ ಪೋಷಕರ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ಇಂಜಿನಿಯರ್ ಅಲ್ಲ. ಆದರೂ ಈ ವಿಷಯದ ಬಗ್ಗೆ ಮಾತನಾಡಲು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ನಾನು ಬಿ.ಎಡ್. ಓದುತ್ತಿದ್ದಾಗ ನಮ್ಮ ಅಮ್ಮಿ ಹೊಲಿಗೆಯ ದುಡಿಮೆಯಿಂದ ಕಟ್ಟುತ್ತಿದ್ದ ಚೀಟಿಯ ಹಣ ಎತ್ತಿ, ನನಗೂ ತಂಗಿಗೂ ಸೇರಿ ಒಂದು ಕಂಪ್ಯೂಟರ್ ಕೊಡಿಸಿದರು. ಅಂಗಡಿಯಲ್ಲಿ ಕ್ಯಾಬಿನೆಟ್ಟಿನ ಮುಂದೆ ಉರಿಯುತ್ತಿದ್ದ ನೀಲಿ ದೀಪಕ್ಕೆ ನಾನು ಮಾರುಹೋದೆ. ಅದರೊಳಗೇ ಕೂರಿಸಿ ಕೊಟ್ಟ ಅಗ್ಗದ ಎಸ್‌ಎಂಪಿಎಸ್ ಬಗ್ಗೆ ಕೇಳಲೇ ಇಲ್ಲ. ಒಂದು ಸಂಜೆ ಹೋದ ಕರೆಂಟು ಮರಳಿ ಬಂದಾಗ 'ಚಟ್' ಎಂಬ ಸದ್ದು, ಹಿಂದೆಯೇ ಸುಟ್ಟ ವಾಸನೆ. ಎಸ್‌ಎಂಪಿಎಸ್ ಜೊತೆಗೆ ಮದರ್‌ಬೋರ್ಡೂ ಹಾರ್ಡ್ ಡಿಸ್ಕೂ ಹೋದವು. ತಂಗಿಯ ಬಿಸಿಎ ಪ್ರಾಜೆಕ್ಟ್ ಅದರಲ್ಲೇ ಇತ್ತು. ಅಮ್ಮಿ ಬೈಯಲಿಲ್ಲ. ಚೀಟಿಯ ಕಂತು ಇನ್ನೂ ಐದು ಬಾಕಿ ಇತ್ತು. ಕೆಟ್ಟುಹೋದ ಯಂತ್ರಕ್ಕಾಗಿ ಅಷ್ಟನ್ನೂ ಕಟ್ಟಿ ಮುಗಿಸಿದರು.

ಅಂದು ನಾನು ಕಲಿತ ಪಾಠವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಹಣ ಕಡಿಮೆ ಇರುವವರು ಕಣ್ಣಿಗೆ ಕಾಣುವ ಭಾಗಕ್ಕಲ್ಲ, ಕಾಣದ ಭಾಗಕ್ಕೆ ಖರ್ಚು ಮಾಡಬೇಕು.

ಅಂಗಡಿಗೆ ಹೋಗುವ ಮೊದಲು ಮಗುವಿಗೆ ಬೇಕಾದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಾಠದ ವಿಡಿಯೋ ನೋಡುವುದು, ಟೈಪಿಂಗ್, ಟ್ಯಾಲಿ, ಪ್ರೋಗ್ರಾಮಿಂಗ್ ಕಲಿಕೆ, ನುಡಿಯಲ್ಲಿ ಕನ್ನಡ, ಇನ್‌ಪೇಜ್‌ನಲ್ಲಿ ಉರ್ದು. ಇವುಗಳಲ್ಲಿ ಯಾವುದಕ್ಕೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ದೊಡ್ಡ ಉಳಿತಾಯ ಆಗುವುದೇ ಇಲ್ಲಿ.

ಆದರೆ ಗ್ರಾಫಿಕ್ಸ್ ಪ್ರೊಸೆಸರ್‌ನೊಳಗೇ ಇರಬೇಕು. ಇಂಟೆಲ್ ಕೋರ್ ಐ3-12100 ಮತ್ತು ಎಎಂಡಿ ರೈಜೆನ್ 5 5600ಜಿ ಅಂಥವು. ಐ3-12100ಎಫ್ ಎಂಬುದೂ ಒಂದಿದೆ, ಬೆಲೆ ಸ್ವಲ್ಪ ಕಡಿಮೆ. ಕೊನೆಯ 'ಎಫ್' ಅಕ್ಷರದ ಅರ್ಥ ಅದರಲ್ಲಿ ಗ್ರಾಫಿಕ್ಸ್ ಇಲ್ಲ ಎಂದು. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್ ಮೇಲೆ ಏನೂ ಮೂಡುವುದಿಲ್ಲ. ಭಾಷಾ ಶಿಕ್ಷಕನಾಗಿ ಹೇಳುತ್ತೇನೆ, ಒಂದು ಅಕ್ಷರ ತಪ್ಪಿದರೆ ಅರ್ಥವೇ ಕೆಡುತ್ತದೆ.

ಮದರ್‌ಬೋರ್ಡ್ ಪ್ರೊಸೆಸರ್‌ನ ಸಾಕೆಟ್‌ಗೆ ಹೊಂದಬೇಕು. ಮೇಲೆ ಹೇಳಿದ ಇಂಟೆಲ್‌ಗೆ ಎಲ್‌ಜಿಎ1700, ಎಎಂಡಿಗೆ ಎಎಂ4. ರ‍್ಯಾಮ್ ಬೋರ್ಡಿಗೆ ಹೊಂದಬೇಕು. ಡಿಡಿಆರ್4 ಕೂರುವಲ್ಲಿ ಡಿಡಿಆರ್5 ಕೂರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಡೇಟಾ ಕೇಂದ್ರಗಳ ಬೇಡಿಕೆ ಅದಕ್ಕೆ ಮುಖ್ಯ ಕಾರಣ. ಆದ್ದರಿಂದ ಹಣ ಸಾಲದಿದ್ದರೆ ಎರಡು ಸ್ಲಾಟ್ ಇರುವ ಬೋರ್ಡ್ ಕೊಂಡು, ಈಗ 8 ಜಿಬಿಯ ಒಂದು ಪಟ್ಟಿ ಹಾಕಿಸಿ. ಮುಂದೆ ಅಂಥದೇ ಇನ್ನೊಂದನ್ನು ಸೇರಿಸಬಹುದು.

ಇನ್ನು ಡಿಸ್ಕ್. ತಿರುಗುವ ಹಾರ್ಡ್ ಡಿಸ್ಕ್ ಒಂದೇ ಇರುವ ಯಂತ್ರ ಬೇಡ. 256 ಜಿಬಿಯ ಎಸ್‌ಎಸ್‌ಡಿ ಇದ್ದರೂ ಸಾಕು, ಕಂಪ್ಯೂಟರ್ ಬೇಗ ಎದ್ದು ಕೂರುತ್ತದೆ. ಮನೆಯಲ್ಲಿರುವ ಹಳೆಯ ಯಂತ್ರಕ್ಕೂ ಮೊದಲು ಮಾಡಿಸಬೇಕಾದ ದುರಸ್ತಿ ಇದೇ.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ನಾನು ಹೇಳಿದ ಎರಡೂ ಪ್ರೊಸೆಸರ್‌ಗಳು ಹೆಚ್ಚು ವಿದ್ಯುತ್ ಬೇಡುವುದಿಲ್ಲ. 450 ವ್ಯಾಟ್ ಧಾರಾಳ. ಆದರೆ ಅದು ಹೆಸರುಳ್ಳ ಕಂಪನಿಯದಾಗಿರಲಿ, 80 ಪ್ಲಸ್ ಗುರುತಿರಲಿ, ಪ್ರತ್ಯೇಕ ವಾರಂಟಿ ಇರಲಿ. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಒಂದು ಸಣ್ಣ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಬಿನೆಟ್ ಸಾದಾ ಇರಲಿ, ಗಾಳಿ ಆಡಿದರೆ ಸಾಕು. ಮಾನಿಟರ್, ಕೀಬೋರ್ಡ್ ಹಳೆಯವಾದರೂ ನಡೆಯುತ್ತದೆ.

ಇಷ್ಟಕ್ಕೂ ಹಣ ಹೊಂದದವರು ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಯಂತ್ರ ನೋಡಬಹುದು. 'ಐ5 ಇದೆ' ಎಂಬ ಮಾತಿಗೆ ಮರುಳಾಗಬೇಡಿ. 2011ರ ಐ5-2400 ಕೂಡ ಐ5, ಬಹಳ ನಂತರದ ಐ5-8500 ಕೂಡ ಐ5. ಇಂಥ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ತಲೆಮಾರನ್ನು ಹೇಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು ಬೇಕು. ಅದಕ್ಕಿಂತ ಹಳೆಯದು ಸಿಕ್ಕಿದ್ದರೆ ಬಿಸಾಡಬೇಡಿ. ಉಚಿತವಾಗಿ ಸಿಗುವ ಉಬುಂಟು ಹಾಕಿಸಿ. ಕನ್ನಡ, ಉರ್ದು ಎರಡನ್ನೂ ಅದರಲ್ಲಿ ಬರೆಯಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಪ್ರತಿ ಭಾಗದ ಪೂರ್ಣ ಹೆಸರು, ಬೆಲೆ, ವಾರಂಟಿ ಬರೆದ ಕೊಟೇಶನ್ ಕೇಳಿ. ಕನಿಷ್ಠ ಎರಡು ಅಂಗಡಿಗಳ ಚೀಟಿ ಹೋಲಿಸಿ. ಜಿಎಸ್‌ಟಿ ಬಿಲ್ ಬಿಡಬೇಡಿ; ವಾರಂಟಿಗೆ ಅದೇ ಆಧಾರ. ಸಾಧ್ಯವಾದರೆ ಜೋಡಿಸುವಾಗ ಮಗುವನ್ನು ಪಕ್ಕದಲ್ಲೇ ನಿಲ್ಲಿಸಿ. ಯಾವ ಭಾಗ ಎಲ್ಲಿ ಕೂರುತ್ತದೆ ಎಂದು ಕಣ್ಣಾರೆ ಕಂಡ ಮಗು ಆ ಯಂತ್ರಕ್ಕೆ ಹೆದರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆ ಚಿಕ್ಕದಿದ್ದರೂ ಗಟ್ಟಿಯಾಗಿರಲಿ ಎಂಬುದಷ್ಟೇ ನನ್ನ ಮನವಿ. ವಿದ್ಯಾರ್ಥಿಗಳೇ, ಕಂಪ್ಯೂಟರ್ ಮನೆಗೆ ಬಂದ ದಿನವೇ ಒಂದು ಪೆನ್‌ಡ್ರೈವ್ ಕೂಡ ಕೊಳ್ಳಿರಿ, ಪ್ರತಿ ವಾರ ನಿಮ್ಮ ಬರಹಗಳ ಪ್ರತಿ ಅದರಲ್ಲಿ ತೆಗೆದಿಡಿ. ನನ್ನ ತಂಗಿ ತನ್ನ ಪ್ರಾಜೆಕ್ಟನ್ನು ಹದಿನೆಂಟು ದಿನ ನಿದ್ದೆಗೆಟ್ಟು ಸೈಬರ್ ಕೆಫೆಯಲ್ಲಿ ಕುಳಿತು ಮತ್ತೆ ಬರೆದಳು, ಪಾಸಾದಳು. ಆ ಕಷ್ಟ ನಿಮಗೆ ಬೇಡ.