ಎಲೆಯೊಳಗಿನ ಒಕ್ಕಲು

ಆರೋಗ್ಯವಾಗಿ ಕಾಣುವ ಹಸಿರೆಲೆಯ ಒಳಗೂ, ರೋಗದ ಕುರುಹೇ ಇಲ್ಲದಂತೆ, ಅನೇಕ ಶಿಲೀಂಧ್ರಗಳು ಬದುಕಿರುತ್ತವೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪನಾಮಾದ ಎರಡು ಮರಜಾತಿಗಳ 83 ಎಲೆಗಳಿಂದ 418 ಬಗೆಯ ಶಿಲೀಂಧ್ರಗಳು ದೊರೆತವು. ಉಷ್ಣವಲಯದ ಮರಗಳ ಚಿಗುರು ಬಹುಮಟ್ಟಿಗೆ ಇವುಗಳಿಲ್ಲದೆಯೇ ಹುಟ್ಟುತ್ತದೆ. ಗಾಳಿ, ಮಳೆ ತರುವ ಬೀಜಕಣಗಳು ಅನಂತರ ಒಳಸೇರುತ್ತವೆ. ಯಾವುದು ನೆಲೆಯೂರುವುದೆಂಬುದರಲ್ಲಿ ಎಲೆಯ ರಾಸಾಯನಿಕ ಗುಣದ ಪಾತ್ರವೂ ಇದೆ. ಟ್ಯಾನಿನ್, ಫೀನಾಲುಗಳು ಕೆಲವನ್ನು ತಡೆಯುತ್ತವೆ. ಜೀವಕೋಶಗಳ ನಡುವೆ ಜಿನುಗುವ ಸಕ್ಕರೆ ಕೆಲವನ್ನು ಸಾಕುತ್ತದೆ. ಈ ಗುಣವೋ ಮಣ್ಣನ್ನು ಅವಲಂಬಿಸಿದೆ: ಸಾರಜನಕ ಹೇರಳವಾದಲ್ಲಿ ಎಲೆಯ ಫೀನಾಲಿನಂಶ ಸಾಮಾನ್ಯವಾಗಿ ತಗ್ಗುತ್ತದೆ. ಯೂರಿಯಾ ಚೆಲ್ಲುವ ಕೈ ಎಲೆಯೊಳಗಿನ ಒಕ್ಕಲನ್ನೂ ಕದಲಿಸಬಲ್ಲದು. ಮಣ್ಣುಪರೀಕ್ಷೆಯ ಚೀಟಿಯಲ್ಲಿ ಇದಕ್ಕೆ ಅಂಕಣವಿಲ್ಲ.

ಇದರಿಂದ ತೋಟಕ್ಕೇನು? ಪನಾಮಾದಲ್ಲಿಯೇ ಕೋಕೋ ಸಸಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ಶಿಲೀಂಧ್ರಗಳನ್ನು ಸೇರಿಸಿದ ಎಲೆಗಳಿಗೆ ಫೈಟಾಫ್ತೊರ ರೋಗಾಣುವಿನಿಂದ ಕಡಿಮೆ ಹಾನಿಯಾಯಿತು. ಮಲೆನಾಡಿನ ಅಡಿಕೆಯ ಕೊಳೆರೋಗದ ರೋಗಾಣುವೂ ಅದೇ ಕುಲದ್ದು. ಆರೋಗ್ಯವಂತ ಕೋಕೋ ಮರಗಳ ದರಕಿನ ಸಂಪರ್ಕಕ್ಕೆ ಬಂದ ಸಸಿಗಳಲ್ಲಿಯೂ ರೋಗಹಾನಿ ತಗ್ಗಿದ್ದು 2017ರಲ್ಲಿ ವರದಿಯಾಯಿತು. ಅಡಿಕೆಗೂ ಇದು ಹಾಗೆಯೇ ಅನ್ವಯಿಸುತ್ತದೆಂದು ಆತುರಪಡಬೇಕಿಲ್ಲ. ಆದರೆ ದರಕನ್ನು ಕಸವೆಂದು ಗುಡಿಸಿ ಸುಡುವ ಹೊಸ ರೂಢಿಯನ್ನು ಪ್ರಶ್ನಿಸಲು ಇಷ್ಟು ಸಾಕು. ರೋಗ ತಗುಲಿದ ಮರದ ಉದುರು ಮಾತ್ರ ಬೇರೆ ಮಾತು, ಅದನ್ನು ತೋಟದಿಂದ ಹೊರಹಾಕಲೇಬೇಕು.